ತುರಿಕೆಗೆ ಮನೆಮದ್ದು: ಯಾವುದು ಯಾವುದಕ್ಕೆ?

ಮದ್ದು ಅರೆಯುವ ಮುಂಚೆ ತುರಿಕೆ ಯಾವುದೆಂದು ನೋಡಿ. ಒಂದಕ್ಕೆ ಹಿಡಿಯುವ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ.

ಚಳಿಗಾಲದಲ್ಲಿ ಮೊಣಕಾಲ ಕೆಳಗೆ ಉಗುರಿನಿಂದ ಗೀರಿದರೆ ಬಿಳಿ ಗೆರೆ ಏಳುತ್ತದೆಯೇ? ಅದು ಒಣಚರ್ಮ. ಇದಕ್ಕೆ ಕೊಬ್ಬರಿ ಎಣ್ಣೆಯೇ ಸರಿ, ಆಧಾರವೂ ಇದೆ. ಎಸ್ಜಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಇದ್ದ 117 ಮಕ್ಕಳ ಮೇಲೆ ಫಿಲಿಪೀನ್ಸ್‌ನಲ್ಲಿ ಎಂಟು ವಾರ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಜಿನ್ (ಹಸಿ ತೆಂಗಿನಕಾಯಿಯಿಂದ ತೆಗೆದ) ಕೊಬ್ಬರಿ ಎಣ್ಣೆ, ಬೇಬಿ ಆಯಿಲ್‌ನಲ್ಲಿರುವಂಥ ಖನಿಜ ತೈಲಕ್ಕಿಂತ ಹೆಚ್ಚು ಗುಣ ತೋರಿತು. ಉಗುರುಬೆಚ್ಚಗಿನ ನೀರಲ್ಲಿ ಐದು–ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ. ಟವೆಲ್‌ನಿಂದ ಉಜ್ಜದೆ ಒತ್ತಿಕೊಳ್ಳಿ. ಮೈಯಲ್ಲಿ ಪಸೆ ಇರುವಾಗಲೇ ಎಣ್ಣೆಯನ್ನು ತೆಳ್ಳಗೆ ಸವರಿ, ದಿನಕ್ಕೆರಡು ಸಲ. ನಮ್ಮಲ್ಲಿ ಎಡವುವುದು ಇಲ್ಲೇ: ಮೊದಲು ಎಣ್ಣೆ ಹಚ್ಚಿ, ಆಮೇಲೆ ಸುಡುನೀರು ಹೊಯ್ದು ಸೀಗೆಪುಡಿ ತಿಕ್ಕಿದರೆ ಎಣ್ಣೆಯೂ ಹೋಯಿತು, ಚರ್ಮದ ಸ್ವಂತ ಜಿಡ್ಡೂ ಹೋಯಿತು.

ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ರಾತ್ರಿ ಹೊತ್ತು ಜಾಸ್ತಿ ಕೆರೆತ, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೇ ಎಂದರೆ ಕಜ್ಜಿ; ಚರ್ಮದೊಳಗೆ ಕೊರೆಯುವ ಸಣ್ಣ ಹುಳದಿಂದ ಬರುವಂಥದ್ದು. ಬೇವು–ಅರಿಶಿನದ ಲೇಪ ಇದರ ಹಳೇ ಮದ್ದು. 1992ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ 814 ಜನರಿಗೆ ಹಚ್ಚಿದಾಗ ಶೇ. 97ರಷ್ಟು ಮಂದಿಗೆ 3ರಿಂದ 15 ದಿನದಲ್ಲಿ ವಾಸಿಯಾಯಿತೆಂದು ವರದಿಯಾಗಿದೆ. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಹಾಗಾಗಿ ಡಾಕ್ಟರಿಗೆ ತೋರಿಸಿ ಆ ಹುಳ ಕೊಲ್ಲುವ 5% ಪರ್ಮೆಥ್ರಿನ್ ಮುಲಾಮು ಹಚ್ಚುವುದೇ ಮೇಲು: ಮನೆಮಂದಿಯೆಲ್ಲ ಒಂದೇ ರಾತ್ರಿ, ಕತ್ತಿನಿಂದ ಅಂಗಾಲವರೆಗೆ, ಉಗುರ ಸಂದಿಯನ್ನೂ ಬಿಡದೆ, 8–14 ಗಂಟೆ ಬಿಟ್ಟು ತೊಳೆದು, ವಾರದ ಮೇಲೆ ಮತ್ತೊಮ್ಮೆ. ಹೊದಿಕೆ, ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆಯಿರಿ. ಹುಳ ಸತ್ತರೂ ಎರಡು–ನಾಲ್ಕು ವಾರ ತುರಿಕೆ ಉಳಿಯುತ್ತದೆ. ಅದನ್ನು ಕಂಡು ದಿನವೂ ಮದ್ದು ಬಳಿದರೆ ಚರ್ಮ ಉರಿದು ತುರಿಕೆ ಹೆಚ್ಚುತ್ತದೆ.

ಪಿತ್ತಗಂಧೆಗೆ ದೊಡ್ಡಪತ್ರೆ ಉಜ್ಜುತ್ತಾರೆ, ಪುನರ್ಪುಳಿ ಪಾನಕ ಕುಡಿಸುತ್ತಾರೆ. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿಯೇ ಇಳಿಯುವುದರಿಂದ ಸೊಪ್ಪಿನ ಪಾಲೆಷ್ಟು ಎಂದು ಹೇಳಲಾಗದು. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಸೊಪ್ಪು ಹುಡುಕುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಹುಳುಕಡ್ಡಿಗೆ ಜಜ್ಜಿದ ಬೆಳ್ಳುಳ್ಳಿ ಕಟ್ಟಬೇಡಿ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಬೇವಿನೆಣ್ಣೆಯನ್ನು ಮಕ್ಕಳಿಗೆ ಕುಡಿಸಲೇಬಾರದು, ಜೀವಕ್ಕೇ ಅಪಾಯ. ಹೊಸ ಮದ್ದು ಯಾವುದೇ ಇರಲಿ, ಮೊಣಕೈ ಒಳಮಗ್ಗುಲಲ್ಲಿ ಕಾಸಿನಗಲ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ ಅಲ್ಲಿಗೇ ಬಿಡಿ.