ಬೀಜದಿಂದ ಟೊಮ್ಯಾಟೊ: ಮೊದಲ 25 ದಿನ ಬಲೆಯೊಳಗೆ

ದಾವಣಗೆರೆ, ಚಿತ್ರದುರ್ಗದ ಹಿತ್ತಲಿಗೆ ಉತ್ತರೆ, ಹಸ್ತ ಮಳೆಯ ದಿನಗಳೇ ಬಿತ್ತನೆಗೆ ಒಳ್ಳೆಯವು. ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ಆಗ ಗಿಡ ತಂಪು ರಾತ್ರಿಗಳಲ್ಲಿ ಹೂ ಬಿಡುತ್ತದೆ. ಜನವರಿಯಲ್ಲಿ ಬಿತ್ತಿದರೆ ಹೂ ಬರುವಷ್ಟರಲ್ಲಿ ಬಿಸಿಲು 35 ಡಿಗ್ರಿ ಮುಟ್ಟಿರುತ್ತದೆ, ಹೂ ಕಾಯಿ ಕಟ್ಟದೆ ಉದುರುತ್ತದೆ. ಗೊಬ್ಬರ ಎಷ್ಟು ಸುರಿದರೂ ಅದು ನಿಲ್ಲದು.

ಹೈಬ್ರಿಡ್ ಹಣ್ಣಿನ ಬೀಜ ತಾಯಿಗಿಡದಂತೆ ಬರುವುದಿಲ್ಲ. ಬೀಜ ಮಾಡಿಕೊಳ್ಳಲು ಜವಾರಿ ಹಣ್ಣನ್ನೇ ಆರಿಸಿ. ತಿರುಳನ್ನು ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಸೇರಿಸಿ ಎರಡು ದಿನ ಬಿಡಿ. ಮೇಲೆ ಬಿಳಿ ಕೆನೆ ಕಟ್ಟಿ ಹುಳಿ ವಾಸನೆ ಬಂದಾಗ ತೊಳೆದು, ತಳ ಸೇರಿದ ಬೀಜಗಳನ್ನು ಮಾತ್ರ ತಟ್ಟೆಯಲ್ಲಿ ನೆರಳಿಗೆ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡುಬಿಡುತ್ತವೆ. ಕೊಳ್ಳುವುದಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ನಂಬಬಹುದು. ಎಲೆ ಮುರುಟು ರೋಗವನ್ನೂ ಸೊರಗು ರೋಗವನ್ನೂ ತಡೆಯುವ ಹೈಬ್ರಿಡ್ ಅದು.

ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು ಬೆರೆಸಿ. ತಳಕ್ಕೆ ತೂತು ಮಾಡಿದ ಕಾಗದದ ಲೋಟಗಳಲ್ಲಿ ತುಂಬಿ, ಲೋಟಕ್ಕೆರಡು ಬೀಜ, ಅರ್ಧ ಸೆಂಟಿಮೀಟರ್ ಆಳ. ಮೇಲೆ ಒದ್ದೆ ಗೋಣಿತಟ್ಟು. ಐದರಿಂದ ಎಂಟು ದಿನಕ್ಕೆ ಮೊಳಕೆ ಕಾಣುತ್ತದೆ. ಕಂಡ ದಿನವೇ ತಟ್ಟು ತೆಗೆಯಿರಿ, ತಡವಾದರೆ ಸಸಿ ಬಿಳಿಚಿಕೊಂಡು ಸಣಕಲಾಗುತ್ತದೆ. ನೀರು ಬೆಳಗ್ಗೆ ಮಾತ್ರ. ಸಂಜೆ ಸುರಿದ ನೀರು ರಾತ್ರಿಯಿಡೀ ನಿಂತರೆ ಮಣ್ಣಿನಂಚಿನಲ್ಲಿ ಕಾಂಡ ದಾರದಂತೆ ಸಣ್ಣಗಾಗಿ ಸಸಿ ಮಗ್ಗುಲಾಗುತ್ತದೆ. ಹಾಗೆ ಬಿದ್ದ ಸಸಿ ಏಳುವುದಿಲ್ಲ. ಆ ಲೋಟವನ್ನು ಬೇರೆಯಿಡಿ.

ಎಲ್ಲಕ್ಕಿಂತ ದೊಡ್ಡ ಕಾಟ ಬಿಳಿ ನೊಣದ್ದು. ಎಲೆ ಮುರುಟು ನಂಜನ್ನು (ವೈರಸ್) ಹೊತ್ತು ತರುವುದು ಅದೇ. ಎಳೆಯದರಲ್ಲೇ ನಂಜು ತಗುಲಿದ ಗಿಡ ಕುಳ್ಳಾಗಿ, ಎಲೆ ದೋಣಿಯಂತೆ ಮಡಚಿಕೊಂಡು, ಫಲ ಕೊಡುವುದೇ ಇಲ್ಲ. ಸೊಳ್ಳೆ ಪರದೆಯ ಕಣ್ಣು ದೊಡ್ಡದು, ನೊಣ ಸಲೀಸಾಗಿ ನುಗ್ಗುತ್ತದೆ. 40–50 ಮೆಶ್‌ನ (ಇಂಚಿಗೆ 40–50 ಕಣ್ಣಿನ) ನೈಲಾನ್ ಬಲೆಯನ್ನೇ ತಂದು, ಬಿತ್ತಿದ ದಿನದಿಂದ 25 ದಿನ ಮುಚ್ಚಿಡಿ.

ನಾಲ್ಕೈದು ಎಲೆ ಬಂದ ಮೇಲೆ ಸಂಜೆ ನಾಟಿ ಮಾಡಿ. ಗಿಡದಿಂದ ಗಿಡಕ್ಕೆ 45, ಸಾಲಿಂದ ಸಾಲಿಗೆ 60 ಸೆಂಟಿಮೀಟರ್. ಗುಂಡಿಗೆ ಎರಡು ಕಿಲೋ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಕೆಳಗಿನ ಎಲೆ ಕಿತ್ತು ಕಾಂಡವನ್ನು ಆಳಕ್ಕೆ ಹೂಳಿದರೆ ಅಲ್ಲೂ ಬೇರೊಡೆಯುತ್ತದೆ. ಎರೆ (ಕಪ್ಪು) ಮಣ್ಣಾದರೆ ಮಡಿ ಎತ್ತರಿಸಿ, ನೀರು ನಿಲ್ಲಬಾರದು. ಮಸಾರಿ (ಕೆಂಪು) ಮಣ್ಣಲ್ಲಿ ಪಾತಿ ತಗ್ಗಿರಲಿ. ಕುಂಡವಾದರೆ 15 ಲೀಟರ್‌ಗಿಂತ ಕಡಿಮೆ ಬೇಡ. ಆಸರೆಗೆ ಐದಡಿ ಕೋಲು ಅದೇ ದಿನ ನೆಡಿ; ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ.

ಬುಡಕ್ಕೆ ನಾಲ್ಕು ಬೆರಳು ದಪ್ಪ ಹೊದಿಕೆ ಹಾಕಿ: ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ, ಹರಿಹರ ಕಡೆ ನೆಲ್ಲುಹುಲ್ಲು ಸುಲಭವಾಗಿ ಸಿಗುತ್ತದೆ. ಮಣ್ಣನ್ನು ಮೂರು ದಿನ ಒಣಗಿಸಿ ನಾಲ್ಕನೆಯ ದಿನ ಕೊಡಗಟ್ಟಲೆ ನೀರು ಸುರಿಯುವುದರಿಂದಲೇ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು. ಮಣ್ಣಲ್ಲಿ ಸುಣ್ಣದಂಶ ಇದ್ದರೂ ನೀರು ಏರುಪೇರಾದರೆ ಅದು ಕಾಯಿಯವರೆಗೆ ತಲುಪುವುದಿಲ್ಲ. ಕಪ್ಪಾದ ಕಾಯಿ ಕಿತ್ತು, ದಿನ ತಪ್ಪದೆ ಹದವಾಗಿ ನೀರು ಕೊಡಿ. ಮುಂದಿನ ಗೊಂಚಲು ಸರಿಯಾಗುತ್ತದೆ.