ಹನ್ನೆರಡು ವರ್ಷದ ಮೇಲೆ ಮತ್ತೆ ‘ನೀನು’ ಅನ್ನೋದು ಹೇಗೆ?

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಆವಕ ಜೋರಿದ್ದಾಗ ಊಟಕ್ಕೂ ಪುರುಸೊತ್ತಿಲ್ಲ. ಆವಕ ಇಳಿದ ಮೇಲೆ ಮಧ್ಯಾಹ್ನವೆಲ್ಲಾ ನೊಣ ಹೊಡೆಯುವ ಕೆಲಸ. ಆ ಹೊತ್ತಿನಲ್ಲಿ, ಅರ್ಧ ಖಾಲಿ ಉಳಿದ ಹಳೇ ಖಾತೆ ಪುಸ್ತಕಗಳಲ್ಲಿ ಒಂದು ಪ್ರೇಮ ಕಾದಂಬರಿ ಬರೆದೆ. ಒಂದೂವರೆ ವರ್ಷ ಹಿಡಿಯಿತು. ಜಮಾ ಕಡೆ ಅವಳ ಮಾತು, ಖರ್ಚಿನ ಕಡೆ ಅವನ ಮಾತು. ಮೊದಲು ತಮಾಷೆಗೆ ಹಾಗೆ ಬರೆದುಕೊಂಡೆ, ಆಮೇಲೆ ಅದೇ ಅಭ್ಯಾಸವಾಯ್ತು.

ಬರೆಯುವ ಹುಚ್ಚು ಹತ್ತಿದ್ದು ಅವ್ವನಿಂದ. ವಾರಪತ್ರಿಕೆಗಳ ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ಗೋಣಿಚೀಲದ ದಬ್ಬಳ, ದಾರದಿಂದ ಹೊಲಿದು ಪುಸ್ತಕ ಮಾಡಿಡುತ್ತಿದ್ದಳು. ನಾನು ಓದಿದ ಅವ್ವನ ಕಟ್ಟುಗಳಲ್ಲಿ ಪ್ರೀತಿಸಿದವರು ಅಗಲಿದರೆ ಮುಗೀತು. ಒಬ್ಬರು ತ್ಯಾಗ ಮಾಡುತ್ತಾರೆ, ಇಲ್ಲಾ ಸಾಯುತ್ತಾರೆ. ಅಗಲಿದವರು ಮೂವತ್ತೈದರ ವಯಸ್ಸಿನಲ್ಲಿ ಅದೇ ಊರಲ್ಲಿ ಎದುರಾದರೆ ಏನಾಗುತ್ತೆ ಅಂತ ನನಗೆ ಓದಬೇಕಿತ್ತು. ಸಿಗಲಿಲ್ಲ, ಬರೆದೆ.

ಕಥೆ ಇಷ್ಟೇ. ಗಿರಿಜಾ, ಮಂಜು ಬಿಕಾಂನಲ್ಲಿ ಜೊತೆಗೆ ಓದಿದವರು. 2010ರಲ್ಲಿ ಅವರ ಪ್ರೀತಿ ಬಿಟ್ಟುಹೋಗುತ್ತೆ. ಅವಳು ಬೆಂಗಳೂರು ಸೇರುತ್ತಾಳೆ, ಮದುವೆಯಾಗುತ್ತೆ, ಅದೂ ಮುರಿಯುತ್ತೆ. 2022ರಲ್ಲಿ ಅಮ್ಮನನ್ನು ನೋಡಿಕೊಳ್ಳಲು ದಾವಣಗೆರೆಗೆ ವಾಪಸ್ ಬರುತ್ತಾಳೆ. ಅವನು ಇಲ್ಲೇ ಇದ್ದಾನೆ, ಮದುವೆಯಾಗಿಲ್ಲ.

ಮೊದಲ ಸಲ ಬರೆದಾಗ ಮಂಜುಗೆ ಬೆಣ್ಣೆದೋಸೆ ಹೋಟೆಲ್ ಕೊಟ್ಟಿದ್ದೆ. ಅಕ್ಕನ ಮಗಳು ಎರಡು ಪುಟ ಓದಿ, “ಚಿಕ್ಕಮ್ಮ, ಇದು ಕಾದಂಬರಿನೋ, ಬೆಂಗಳೂರಿನವರಿಗೆ ಊರು ತೋರಿಸೋದೋ?” ಅಂದಳು. ನಾಚಿಕೆಯಾಯ್ತು. ಹೌದಲ್ವಾ? ನಾವು ದಿನಾ ಬೆಣ್ಣೆದೋಸೆ ತಿನ್ನುತ್ತೇವಾ? ಸಂಜೆಯಾದರೆ ನಮಗೆ ಬೇಕಾಗೋದು ಮಂಡಕ್ಕಿ, ಮೆಣಸಿನಕಾಯಿ. ಹಾಗಾಗಿ ಮಂಜುವನ್ನು ಮಂಡಕ್ಕಿ ಭಟ್ಟಿಗೆ ಕಳಿಸಿದೆ.

ಭಟ್ಟಿ ಹೊರಗಿನಿಂದ ನೋಡಿದ್ದೆ, ಒಳಗೆ ಹೋಗಿರಲಿಲ್ಲ. ಅಂಗಡಿಗೆ ಬರುವ ಹಮಾಲರೊಬ್ಬರು ಪರಿಚಯ ಮಾಡಿಸಿದರು. ಒಂದು ನಸುಕಿನಲ್ಲಿ ತಮ್ಮನ ಜೊತೆ ಹೋದೆ. ಉಪ್ಪುನೀರು ಹಿಡಿಸಿದ ಅಕ್ಕಿ ಒಂದು ಕಡೆ, ಬಾಣಲೆಯಲ್ಲಿ ಕಾದ ಮರಳು ಇನ್ನೊಂದು ಕಡೆ. ಅಕ್ಕಿ ಮರಳಿಗೆ ಬಿತ್ತು, ಎರಡು ಸಲ ಕೈಯಾಡಿಸಿದರು, ಅಷ್ಟರಲ್ಲಿ ಬಾಣಲೆ ತುಂಬಾ ಬೆಳ್ಳಗೆ. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. “ಅಕ್ಕಾ, ಹಿಂದೆ ಸರೀರಿ, ಸೀರೆ” ಅಂತ ಮೂರು ಸಲ ಹೇಳಿಸಿಕೊಂಡೆ. ಆ ಅಣ್ಣನ ಬಲಗೈ ನೋಡಿದೆ. ಮೊಣಕೈವರೆಗೆ ಒಂದೇ ಒಂದು ಕೂದಲಿಲ್ಲ. ಎಡಗೈಯಲ್ಲಿ ಎಲ್ಲರಿಗಿರುವಷ್ಟೇ ಇತ್ತು. ಮನೆಗೆ ಬಂದವಳೇ ಅವರಿಬ್ಬರ ಮೊದಲ ಭೇಟಿಯನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಗಿರಿಜಾ ಅಂಗಡಿಯಲ್ಲಿ ಮಂಡಕ್ಕಿ ಕೊಳ್ಳುತ್ತಾಳೆ, ಚಿಲ್ಲರೆ ಕೊಡುವವನ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಈ ಕೈ ಹೀಗಿರಲಿಲ್ಲವಲ್ಲ ಅನ್ನಿಸಿ ತಲೆ ಎತ್ತುತ್ತಾಳೆ.

ಅಗಲಿದ್ದು ಯಾಕೆ? ಇದರಲ್ಲೇ ನಾನು ಜಾಸ್ತಿ ಒದ್ದಾಡಿದ್ದು. ಮೊದಲು ಒಂದು ಪತ್ರ ಕಳೆದುಹೋಗುವ ಹಾಗೆ ಮಾಡಿದ್ದೆ. ಅಂಗಡಿಯ ಹಿರಿಯ ಗುಮಾಸ್ತರು ಕೇಳಿ ನಕ್ಕರು. “ಅಲ್ಲಮ್ಮಾ, 2010ರಾಗೆ ಫೋನ್ ಇರ್ಲಿಲ್ಲೇನು? ಒಂದು ಫೋನ್ ಹಚ್ಚಿದ್ರೆ ಮುಗೀತಿತ್ತು.” ಒಂದು ಫೋನಿಗೆ ಬಗೆಹರಿಯುವ ಜಗಳಕ್ಕೆ ಹನ್ನೆರಡು ವರ್ಷ ಯಾರು ಕಾಯುತ್ತಾರೆ? ಆಮೇಲೆ ಜಾತಿ ಬೇರೆ ಮಾಡೋಣ ಅಂದುಕೊಂಡೆ. ನಮ್ಮ ಕಡೆ ಅದನ್ನು ಯಾರೂ ಸುಳ್ಳು ಅನ್ನಲ್ಲ. ಆದರೆ ಆಗ ತಪ್ಪೆಲ್ಲಾ ಊರಿನದಾಗುತ್ತೆ, ಮಂಜು ಪಾರಾಗಿಬಿಡುತ್ತಾನೆ. ಅವನೇ ತಪ್ಪು ಮಾಡಿರಬೇಕು, ಅದೇ ತಪ್ಪನ್ನು ಇನ್ನೊಮ್ಮೆ ಮಾಡುವ ಸಂದರ್ಭ ಬರಬೇಕು. ಇಲ್ಲದಿದ್ದರೆ ಎರಡನೇ ಅವಕಾಶಕ್ಕೆ ಅರ್ಥ ಏನು?

ದಾರಿ ತೋರಿಸಿದ್ದು ಖಾತೆ ಪುಸ್ತಕ. ಒಂದು ದಿನ ಹಿಂದಿನ ಹಾಳೆ ತಿರುವಿದರೆ ಜಮಾ ಕಡೆ ತುಂಬಿ ತುಳುಕುತ್ತಿದೆ, ಖರ್ಚಿನ ಕಡೆ ಪುಟಗಟ್ಟಲೆ ಖಾಲಿ. ಅವಳೊಬ್ಬಳೇ ಮಾತಾಡುತ್ತಿದ್ದಾಳೆ. ಇವನು ಬಾಯಿ ಬಿಡಲ್ಲ! ಅದೇ ಅವನ ತಪ್ಪು ಅಂತ ಆಗ ಹೊಳೆಯಿತು.

ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್ಲುಗಳು ಒಂದೊಂದೇ ಮುಚ್ಚಿದವು. ಮಂಜುವಿನ ಅಪ್ಪ ಮಿಲ್ಲಿನ ಕೆಲಸಗಾರ. ಮಿಲ್ಲು ನಿಂತ ಮೇಲೆ ಕೈಗೆ ಬಂದ ಅಷ್ಟಿಷ್ಟು ದುಡ್ಡಿನಲ್ಲಿ ಭಟ್ಟಿ ಹಾಕಿ ಸಾಲಕ್ಕೆ ಬಿದ್ದ. ಸಾಲ ಮಗನ ತಲೆಗೆ ಬಂತು. ಮಂಜು ಅದನ್ನು ಗಿರಿಜಾಗೆ ಹೇಳಲೇ ಇಲ್ಲ. ಅವಳ ಪರವಾಗಿ ತಾನೇ ತೀರ್ಮಾನ ಮಾಡಿ, “ಈಗ ಆಗಲ್ಲ, ನನಗಾಗಿ ಕಾಯಬೇಡ” ಅಂತ ಮೆಸೇಜ್ ಹಾಕಿ ಸುಮ್ಮನಾದ. ದೊಡ್ಡ ತ್ಯಾಗ ಮಾಡಿದೆ ಅಂದುಕೊಂಡಿದ್ದ. ನಮ್ಮ ಗಂಡಸರಲ್ಲಿ ಈ ರೋಗ ಸಾಮಾನ್ಯ. ಇಪ್ಪತ್ತನೇ ಅಧ್ಯಾಯದಲ್ಲಿ ಭಟ್ಟಿ ಮತ್ತೆ ಕಷ್ಟಕ್ಕೆ ಬೀಳುತ್ತೆ. ಈ ಸಲ ಅವನು ಯಾರಿಗೆ ಮೊದಲು ಹೇಳುತ್ತಾನೆ ಅನ್ನುವುದೇ ಕಾದಂಬರಿ.

ಆಮೇಲೆ ಇನ್ನೊಂದು ತಲೆನೋವು. ಇವರಿಬ್ಬರು ಭೇಟಿಯಾಗೋದು ಎಲ್ಲಿ? ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಅಂತ ಬರೆದೆ. ಒಮ್ಮೆ ನಡೆದು ನೋಡೋಣ ಅಂತ ಬೆಳಗ್ಗೆ ಹೋದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ದೊಡ್ಡಪ್ಪನ ಮಗ, ಹಳೇ ಬಾಡಿಗೆ ಮನೆಯ ಓನರ್, ನನ್ನ ಹೈಸ್ಕೂಲ್ ಮೇಷ್ಟ್ರು ಸಿಕ್ಕರು. ಮೂವರದ್ದೂ ಒಂದೇ ಪ್ರಶ್ನೆ: “ಒಬ್ಬಳೇ ಬಂದೀಯಾ?” ವಿಚ್ಛೇದನ ಆದವಳು ಭಟ್ಟಿ ಮಂಜು ಜೊತೆ ಇಲ್ಲಿ ನಡೆದರೆ ತಿಂಡಿ ಹೊತ್ತಿಗೆ ಸುದ್ದಿ ಅವಳ ಮನೆ ಮುಟ್ಟಿರುತ್ತೆ. ಅದನ್ನೇ ಬರೆದೆ. ಆ ಅಧ್ಯಾಯದಲ್ಲಿ ಅವರು ಎರಡು ಮಾತೂ ಆಡಲ್ಲ, ಬರೀ ಎದುರಾಬದುರಾ ದಾಟುತ್ತಾರೆ. ಒಂದು ಸುತ್ತಿಗೆ ಎರಡು ಸಲ.

ಇನ್ನು ‘ನೀನು’ ವಿಷಯ. ಕಾಲೇಜಿನಲ್ಲಿ ಇವರು ಹೋಗೋ ಬಾರೋ ಅಂದುಕೊಂಡವರು. ಹನ್ನೆರಡು ವರ್ಷದ ಮೇಲೆ ಅಂಗಡಿಯಲ್ಲಿ ಅವನು ಏನು ಅನ್ನಬೇಕು? ‘ನೀನು’ ಅಂದರೆ ಸಲಿಗೆ ಜಾಸ್ತಿಯಾಯ್ತು, ‘ನೀವು’ ಅಂದರೆ ಕಪಾಳಕ್ಕೆ ಹೊಡೆದ ಹಾಗೆ. ಕೊನೆಗೆ, “ಯಾವಾಗ ಬಂದಿದ್ದು?” ಅಂತ ಬರೆದೆ. ಕನ್ನಡದ ಪುಣ್ಯ, ಎರಡೂ ಅನ್ನದೆ ದಾಟಬಹುದು. ಎಪ್ಪತ್ತು ಪುಟ ಇಬ್ಬರನ್ನೂ ಹೀಗೇ ನಡೆಸಿದೆ. “ಅಮ್ಮ ಹುಷಾರಾಗಿದ್ದಾರಾ?” “ಊಟ ಆಯ್ತಾ?” ನಡುವೆ ಅಷ್ಟಿಷ್ಟು ‘ರೀ’ ಹಾಕಿದೆ, ಬರೀ ಹೀಗೇ ಮಾತಾಡಿದರೆ ನಾಟಕದ ಹಾಗೆ ಕಾಣುತ್ತಿತ್ತು.

ಆ ಗಂಟು ಬಿಚ್ಚಿದ್ದು ಮಾರಿಕಣಿವೆಯಲ್ಲಿ. ಅದೇ, ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಡ್ಯಾಮು. ಅದು 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತಲ್ಲ, ಅದಕ್ಕೆ ಮುಂಚೆ ಬಿದ್ದಿದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷ! ನಾವೂ ಟೆಂಪೋ ಮಾಡಿಕೊಂಡು ಹೋಗಿದ್ದೆವು. ಅವ್ವನಿಗೆ 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾದದ್ದು ಇನ್ನೂ ಲೆಕ್ಕಕ್ಕಿಲ್ಲ, “ನಮ್ಮ ಜಿಲ್ಲೆ ಡ್ಯಾಮು ನೋಡದಿದ್ರೆ ಹೆಂಗೆ?” ಅಂದಳು. ಅಲ್ಲಿ ಜನವೋ ಜನ. ಯಾರು ಯಾರ ಜೊತೆ ಬಂದಿದ್ದಾರೆ ಅಂತ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ನನ್ನ ಜೋಡಿಗೆ ಜಾಗ ಸಿಕ್ಕಿತು ಅಂದುಕೊಂಡೆ.

ಆದರೆ ಮೊದಲ ಸಲ ಬರೆದಾಗ ಗಿರಿಜಾ ಬಾಯಲ್ಲಿ, “ಡ್ಯಾಮೇ ಮತ್ತೆ ತುಂಬಿತು ಮಂಜು, ನಾವ್ಯಾಕೆ ಆಗಬಾರದು?” ಅಂತ ಹಾಕಿದ್ದೆ. ಮಾರನೇ ದಿನ ಓದಿದರೆ ಹಲ್ಲು ಜುಮ್ಮೆಂದಿತು. ಯಾರು ಹಾಗೆ ಮಾತಾಡುತ್ತಾರೆ? ನಾವು ಹೋದಾಗ ಆಡಿದ್ದು ಗಾಡಿ ಎಲ್ಲಿ ನಿಲ್ಲಿಸೋದು, ಮಗು ಕೈ ಹಿಡಿ, ಚಪ್ಪಲಿ ಹುಷಾರು, ಇಷ್ಟೇ. ಆ ಸಾಲು ಹೊಡೆದು ಹಾಕಿದೆ. ಈಗ ಅಲ್ಲಿ ಇಬ್ಬರೂ ಪಾರ್ಕಿಂಗ್ ಬಗ್ಗೆ ಗೊಣಗುತ್ತಾ ಇಳಿಯುತ್ತಾರೆ. ಕಲ್ಲು ಒದ್ದೆಯಾಗಿದೆ. ಅವಳ ಕಾಲು ತುಸು ಅಲುಗುತ್ತೆ. ಅವನು “ನೋಡ್ಕೊಂಡು, ಜಾರ್ತೀಯ” ಅನ್ನುತ್ತಾನೆ.

‘ಜಾರ್ತೀರಿ’ ಅಲ್ಲ, ‘ಜಾರ್ತೀಯ’. ‘ನೀನು’ ಅನ್ನುವ ಪದ ಅಲ್ಲಿಲ್ಲವೇ ಇಲ್ಲ, ಕೊನೆಯ ಒಂದಕ್ಷರ ಬದಲಾಗಿದೆ ಅಷ್ಟೇ. ಅವಳಿಗೆ ಕೇಳಿಸಿತು. ಅವನಿಗೂ, ಅಂದುಬಿಟ್ಟೆ ಅಂತ ಗೊತ್ತಾಯ್ತು. ಇಬ್ಬರೂ ನೀರು ನೋಡುತ್ತಾ ನಿಂತರು. ಈ ಅರ್ಧ ಪುಟಕ್ಕೆ ಹನ್ನೊಂದು ದಿನ ತೆಗೆದುಕೊಂಡೆ.

ಕೊನೆಯ ಅಧ್ಯಾಯ ಬೇಗ ಆಯ್ತು. ಛತ್ರದಲ್ಲಿ ಮದುವೆ ಮಾಡಿಸಿ ಊಟ ಬಡಿಸಿದ್ದೆ, ಅದನ್ನೂ ತೆಗೆದೆ. ಈಗ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಮುಚ್ಚಿರುತ್ತೆ, ರೈಲು ದಾಟುವುದನ್ನು ಕಾಯುತ್ತಾ ಇಬ್ಬರೂ ಒಂದೇ ಸ್ಕೂಟರ್ ಮೇಲೆ ಕೂತಿದ್ದಾರೆ. ಅಕ್ಕಪಕ್ಕದವರೆಲ್ಲಾ ನೋಡುತ್ತಿದ್ದಾರೆ. ಗಿರಿಜಾ ಇಳಿಯಲ್ಲ.

ಹಾಳೆಗಳನ್ನೆಲ್ಲಾ ಅವ್ವನಿಗೆ ಕೊಟ್ಟೆ. ನಾಲ್ಕು ದಿನ ಓದಿದಳು. ಕೊನೆಯ ಹಾಳೆ ತಿರುವಿ ಹಿಂದೆ ಏನಾದರೂ ಇದೆಯಾ ಅಂತ ನೋಡಿದಳು. ಅಲ್ಲಿದ್ದದ್ದು ಯಾವುದೋ ವರ್ಷದ ಹಮಾಲಿ ಲೆಕ್ಕ.

“ಮದುವೆ ಎಲ್ಲೈತೆ?”

“ಆಮೇಲೆ ಆಗುತ್ತೆ ಅವ್ವಾ.”

ದಬ್ಬಳಕ್ಕೆ ದಾರ ಪೋಣಿಸುತ್ತಾ ಕೇಳಿದಳು, “ಯಾವ ಛತ್ರದಾಗೆ?”