ಸ್ಟಾಕ್ ಕಾಲಂ ಇಲ್ಲದ ಸ್ಟಾಕ್ ಡೇಟಾಬೇಸ್: ನನ್ನ ಅನುಭವ

ಗೋದಾಮಿನ ಡೇಟಾಬೇಸ್‌ನ ಐಟಂ ಟೇಬಲ್‌ನಲ್ಲಿ 'ಸ್ಟಾಕ್' ಅನ್ನೋ ಕಾಲಂ ಇರಲೇಬಾರದು, ಮಾಲು ಬಂದದ್ದು-ಹೋದದ್ದರ ಸಾಲುಗಳನ್ನ ಕೂಡಿಯೇ ಸ್ಟಾಕ್ ಸಿಗಬೇಕು ಅಂತ ನಾನು ಅಂದಾಗ ನಮ್ಮ ಟೀಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಲಕ್ಷಗಟ್ಟಲೆ ಸಾಲು ಕೂಡಿಸ್ತಾ ಕೂತರೆ ಸ್ಕ್ರೀನ್ ತೆರೆಯೋಷ್ಟರಲ್ಲಿ ಲಾರಿ ಗೇಟ್ ದಾಟಿರುತ್ತೆ" ಅಂತ ನಕ್ಕರು. ಆ ವಿನ್ಯಾಸ ಓಡೋಕೆ ಶುರುವಾಗಿ ಎರಡು ವರ್ಷದ ಮೇಲಾಯ್ತು. ಅದಕ್ಕೇ ಬರೀತಿದ್ದೀನಿ.

ಹಳೇ ಸಿಸ್ಟಂನಲ್ಲಿ ಮಾಲು ಬಂದರೆ ಕಾಲಂಗೆ ಕೂಡು, ಹೋದರೆ ಕಳೆ. ಇಬ್ಬರು ಒಟ್ಟಿಗೆ 40 ಅಂತ ಓದ್ತಾರೆ. ಒಬ್ಬ 10 ತೆಗೆದು 30 ಅಂತ ಬರೀತಾನೆ, ಇನ್ನೊಬ್ಬ 5 ತೆಗೆದು 35 ಅಂತ ಬರೀತಾನೆ. ರ‍್ಯಾಕ್‌ನಲ್ಲಿ 25, ಸ್ಕ್ರೀನ್‌ನಲ್ಲಿ 35. ಆ ಹತ್ತು ಎಲ್ಲಿ ಹೋಯ್ತು ಅಂತ ಹುಡುಕೋಕೆ ಒಂದು ಸುಳಿವೂ ಇಲ್ಲ. ಎಣಿಕೆಗೆ ಕೂತಾಗಲೆಲ್ಲ ವ್ಯತ್ಯಾಸವನ್ನ ನಷ್ಟಕ್ಕೆ ಬರೆಯೋದು. ಆ ನಷ್ಟಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು: ರ‍್ಯಾಕ್‌ನಲ್ಲೇ ಕೂತಿರೋ ಮಾಲನ್ನ 'ಇಲ್ಲ' ಅಂದುಕೊಂಡು ಅರ್ಜೆಂಟಾಗಿ ಹೆಚ್ಚು ದರಕ್ಕೆ ಮತ್ತೆ ತರಿಸೋದು. ರೆಡಿಮೇಡ್ ಪ್ಯಾಕೇಜ್ ಕೇಳಿ ನೋಡಿದ್ವಿ. ತಲೆಗಿಷ್ಟು ಅಂತ ಲೈಸೆನ್ಸ್. ಲೆಕ್ಕ ಹಾಕಿದರೆ ವರ್ಷದ ನಷ್ಟಕ್ಕಿಂತ ಅದೇ ಜಾಸ್ತಿ.

ನಾನು ಮಾಡಿದ್ದು ಮಾಲಿನ ಪ್ರತಿ ಚಲನೆಯೂ ಒಂದು ಸಾಲಾಗಿ ಬೀಳೋ ಒಂದೇ ಟೇಬಲ್. ಐಟಂ, ಬ್ಯಾಚ್, ಎಲ್ಲಿಂದ, ಎಲ್ಲಿಗೆ, ಪ್ರಮಾಣ, ಕಾರಣ, ದಾಖಲೆ ನಂಬರ್, ನಡೆದ ಸಮಯ, ಎಂಟ್ರಿಯಾದ ಸಮಯ. ಕೊನೆಯ ಎರಡನ್ನ ಒಂದು ಮಾಡಬೇಡಿ, ಆಮೇಲೆ ಅಳಬೇಕಾಗುತ್ತೆ. ಪೂರೈಕೆದಾರ, ಗ್ರಾಹಕ, ಡ್ಯಾಮೇಜ್, ಎಣಿಕೆ ವ್ಯತ್ಯಾಸ ಕೂಡ ಲೊಕೇಶನ್‌ಗಳೇ. ಹಾಗಾಗಿ ಮಾಲು ಗಾಳಿಯಲ್ಲಿ ಹುಟ್ಟಲ್ಲ, ಗಾಳಿಗೆ ಹೋಗಲ್ಲ. ಅಪ್ಲಿಕೇಶನ್ ಯೂಸರ್‌ಗೆ ಈ ಟೇಬಲ್ ಮೇಲೆ ಅಪ್‌ಡೇಟ್, ಡಿಲೀಟ್ ಹಕ್ಕನ್ನೇ ಕೊಟ್ಟಿಲ್ಲ. ಎಂಟ್ರಿ ತಪ್ಪಾದರೆ ಉಲ್ಟಾ ಎಂಟ್ರಿ ಹಾಕಬೇಕು, ಅಷ್ಟೇ.

ಇನ್ನು ಸ್ಪೀಡು. ಐಟಂ-ಬ್ಯಾಚ್-ಲೊಕೇಶನ್ ಪ್ರಕಾರ ಎಷ್ಟು ಮಾಲು ಉಳಿದಿದೆ ಅನ್ನೋ ಬಾಕಿಯ ಟೇಬಲ್ ಒಂದಿದೆ, ಚಲನೆಯ ಸಾಲು ಬೀಳೋ ಅದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನೋ ಕೆಲಸದ ಕಟ್ಟು) ಒಳಗೆ ಟ್ರಿಗರ್, ಅಂದರೆ ತಾನಾಗೇ ಓಡೋ ಕೋಡ್, ಅದನ್ನ ತಿದ್ದುತ್ತೆ. ಅದು ಬರೀ ನಕಲು. ಪೂರ್ತಿ ಅಳಿಸಿದರೂ ಚಲನೆಯಿಂದ ಮತ್ತೆ ಕಟ್ಟಬಹುದು. ರಾತ್ರಿ ಎರಡನ್ನೂ ತಾಳೆ ನೋಡೋ ಜಾಬ್ ಓಡುತ್ತೆ. ನಿಜವಾದ ರ‍್ಯಾಕ್‌ಗಳ ಬಾಕಿ ಸೊನ್ನೆಗಿಂತ ಕೆಳಗೆ ಹೋಗದ ಹಾಗೆ ಡೇಟಾಬೇಸೇ ತಡೆಯೋ ನಿಯಮ, ಅಂದರೆ ಚೆಕ್ ಕನ್‌ಸ್ಟ್ರೇಂಟ್. ಒಬ್ಬ ಒಂದು ರ‍್ಯಾಕಿನಿಂದ ಇನ್ನೊಂದಕ್ಕೆ, ಇನ್ನೊಬ್ಬ ಅದೇ ಹೊತ್ತಿಗೆ ಉಲ್ಟಾ ಸಾಗಿಸಿದಾಗ ಡೆಡ್‌ಲಾಕ್ (ಇಬ್ಬರೂ ಒಬ್ಬರಿಗೊಬ್ಬರು ಕಾಯ್ತಾ ಸಿಕ್ಕಿಬೀಳೋದು) ಕಾಟ ಕೊಡ್ತಿತ್ತು. ಯಾವಾಗಲೂ ಚಿಕ್ಕ ಐಡಿಯ ಸಾಲನ್ನೇ ಮೊದಲು ಲಾಕ್ ಮಾಡೋ ನಿಯಮ ತಂದ ಮೇಲೆ ನಿಂತುಹೋಯ್ತು.

ಯಾರೂ ಅನುಮಾನ ಪಡದ ಕಳ್ಳ ಅಂದರೆ ಸ್ಕ್ಯಾನರ್. ರ‍್ಯಾಕ್‌ಗಳ ಮಧ್ಯೆ ವೈಫೈ ಕಡಿದಾಗ ಉತ್ತರ ಬರಲಿಲ್ಲ ಅಂತ ಅದೇ ಸ್ಕ್ಯಾನನ್ನ ಮತ್ತೆ ಕಳಿಸ್ತಿತ್ತು, ಎರಡು ಸಲ ಸ್ಟಾಕ್ ಕಡಿಮೆಯಾಗ್ತಿತ್ತು. ಈಗ ಪ್ರತಿ ಸ್ಕ್ಯಾನ್‌ಗೂ ಸಾಧನದಲ್ಲೇ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತಿನ ಸಂಖ್ಯೆ) ಹುಟ್ಟುತ್ತೆ, ಆ ಕಾಲಂ ಯೂನೀಕ್, ಅಂದರೆ ಒಂದೇ ಸಂಖ್ಯೆ ಎರಡು ಸಲ ಕೂರಲ್ಲ. ಎರಡನೇದು ತಾನಾಗೇ ಬಿದ್ದುಹೋಗುತ್ತೆ. ನನ್ನ ಅಂದಾಜಿನಲ್ಲಿ ವ್ಯತ್ಯಾಸದ ಅರ್ಧ ಇದರಿಂದಲೇ ಬರ್ತಿತ್ತು. ಮೊದಲೆಲ್ಲ ನೂರು ಲೊಕೇಶನ್ ಎಣಿಸಿದರೆ ಹದಿನೈದರಷ್ಟು ತಾಳೆಯಾಗ್ತಿರಲಿಲ್ಲ, ಈಗ ಒಂದೋ ಎರಡೋ.

ಪ್ರಮಾಣವನ್ನ ಚಿಕ್ಕ ಯೂನಿಟ್‌ನಲ್ಲಿ ಇಂಟಿಜರ್ (ಪೂರ್ಣಾಂಕ) ಆಗಿ ಇಡಿ, ಫ್ಲೋಟ್ (ದಶಮಾಂಶದ ಅಂದಾಜು ಸಂಖ್ಯೆ) ಬೇಡವೇ ಬೇಡ. ಬಾಕ್ಸಿಗೆ 24 ಇದ್ದದ್ದು ನಾಳೆ 20 ಆಗುತ್ತೆ, ಅದಕ್ಕೆ ಆ ಲೆಕ್ಕ ಬ್ಯಾಚ್ ಜೊತೆ ಇರಲಿ. ಬಾರ್‌ಕೋಡ್ ಟೆಕ್ಸ್ಟ್ ಆಗಿರಲಿ, ಇಲ್ಲದಿದ್ದರೆ ಶುರುವಿನ ಸೊನ್ನೆ ಹೋಗುತ್ತೆ.

ಮಧ್ಯೆ ಬಣ್ಣ, ಸೈಜು ಎಲ್ಲ ಒಂದೇ ಜೇಸನ್ ಕಾಲಂಗೆ (ಹಲವು ವಿವರ ಒಟ್ಟಿಗೆ ಇಡೋ ಪಠ್ಯ ರೂಪ) ತುಂಬಿ ನೋಡಿದೆ. ರಿಪೋರ್ಟ್ ಬರೆಯೋನು ಬಂದು ಜಗಳ ಆಡಿದ, ವಾಪಸ್ ಕಾಲಂಗಳಿಗೆ ತಂದೆ. ಇನ್ನೊಂದು ಪ್ರಯೋಗ ಮಾತ್ರ ಖುಷಿ ಕೊಡ್ತು: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 9.5ನೇ ಆವೃತ್ತಿಯಿಂದ ಇರೋ ಬ್ರಿನ್ ಇಂಡೆಕ್ಸ್, ಅಂದರೆ ಸಾಲುಸಾಲಿಗೆ ಬದಲು ಸಾಲುಗಳ ಗುಂಪಿಗೊಂದು ಗುರುತು ಇಡೋ ಹುಡುಕಾಟದ ಸೂಚಿ. ಕೋಟಿ ಸಾಲಿನ ಹತ್ತಿರ ಎಂಟ್ರಿ ಸಮಯದ ಮೇಲಿನ ಮಾಮೂಲಿ ಬಿ-ಟ್ರೀ ಇಂಡೆಕ್ಸ್ 200 ಎಂಬಿ ಆಸುಪಾಸು ಇತ್ತು, ಬ್ರಿನ್ 100 ಕೆಬಿಯೂ ಇರಲಿಲ್ಲ. ಸಾಲುಗಳು ಸಮಯದ ಕ್ರಮದಲ್ಲೇ ಬೀಳೋದರಿಂದ ಇದು ಸಾಧ್ಯ. ಹೊಸ ಸರ್ವರ್ ಕೊಳ್ಳೋ ಮಾತು ಅಲ್ಲಿಗೇ ನಿಂತಿತು.

ತಿಂಗಳು ಕ್ಲೋಸ್ ಆದ ಮೇಲೆ ಹಿಂದಿನ ತಾರೀಖಿನ ಎಂಟ್ರಿ ಬಂದರೆ ಏನು ಮಾಡ್ತೀಯ ಅಂತ ಎಲ್ಲರೂ ಕೇಳ್ತಾರೆ. ಅದಕ್ಕೊಂದು ಉಪಾಯ ಇದೆ, ಆದರೆ ನನ್ನ ಹೊಟ್ಟೆಪಾಡು ಅದರಲ್ಲೇ ಇರೋದರಿಂದ ಇಲ್ಲಿ ಬರೆಯಲ್ಲ. ಸೀರಿಯಲ್ ನಂಬರ್ ಇರೋ ಮಾಲಿಗೆ ಇದೇ ಟೇಬಲ್ ಸಾಕಾಗುತ್ತಾ ಅಂತ ಈಗ ನೋಡ್ತಿದ್ದೀನಿ. ಪೀಸಿಗೊಂದು ಸಾಲು ಅಂದರೆ ಗಾತ್ರ ಹತ್ತುಪಟ್ಟು ಏರ್ತಿದೆ, ತಿಂಗಳಿಗೊಂದು ಪಾರ್ಟಿಶನ್ (ಟೇಬಲ್‌ನ ಬೇರೆ ತುಂಡು) ಮಾಡಿ ಪರೀಕ್ಷೆ ನಡೀತಿದೆ.